ಆರು ಪಟ್ಟು ವೇಗ

ಎಂ.ಟೆಕ್‌ನ ಎರಡೂ ವರ್ಷ ನಾನು ಎಂಟು ಸೋಮಾರಿಗಳಿಂದ ಕೆಲಸ ತೆಗೆಯಲು ಹೆಣಗಿದೆ. ಸೋಮಾರಿಗಳೆಂದರೆ ಮನುಷ್ಯರಲ್ಲ, ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ಒಳಗಿನ ಎಂಟು ಕೋರ್‌ಗಳು. ದೊಡ್ಡದೊಂದು ರಸ್ತೆ ನಕ್ಷೆಯಲ್ಲಿ ಹತ್ತಿರದ ದಾರಿ ಹುಡುಕುವ ಕೆಲಸವನ್ನು ಎಂಟಕ್ಕೂ ಹಂಚಬೇಕು. ಒಂದೇ ಕೋರ್ ಮಾಡುವುದಕ್ಕಿಂತ ಎಷ್ಟು ಪಟ್ಟು ಬೇಗ ಮುಗಿಯಿತೆಂದು ತೋರಿಸಬೇಕು. ಅದೇ ನನ್ನ ಥೀಸಿಸ್. ಹೇಳುವುದು ಎಷ್ಟು ಸಲೀಸು! ಅವೋ, ಒಂದು ಮುಗಿಸಲಿ ಎಂದು ಇನ್ನೊಂದು ಕಾಯುತ್ತ ಕೂರುತ್ತಿದ್ದವು. ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡರೂ ವೇಗ ಒಂದೂವರೆ ಪಟ್ಟು ದಾಟಲಿಲ್ಲ.

ಕೊನೆಗೆ ಸಿಟ್ಟು ಬಂದು ಕೆಲಸ ಹಂಚುವ ರೀತಿಯನ್ನೇ ಹೊಸದಾಗಿ ಬರೆದೆ. ಗದಗಿನ ಕಾಲೇಜಿನ ನಮ್ಮ ಗೈಡ್ ಇನ್ನೂ ದೊಡ್ಡ ನಕ್ಷೆಯೊಂದನ್ನು ಕೊಟ್ಟರು. ಒಂದು ಭಾನುವಾರ ಹಿರೇಹಂದಿಗೋಳದ ಮನೆಯಲ್ಲಿ ಕೂತು, ಊಟವಾದ ಮೇಲೆ ಒಂದು ಕೋರ್‌ನ ಸಮಯ ಅಳೆದೆ. ಚಹಾದ ಹೊತ್ತಿಗೆ ಎಂಟರದ್ದು. ಭಾಗಿಸಿ ನೋಡಿದರೆ ಆರು! ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಕಾಲೇಜಿನಲ್ಲಿ ತೋರಿಸಿದಾಗ ಗೈಡ್ ಕುರ್ಚಿಯಿಂದ ಎದ್ದೇಬಿಟ್ಟರು. "ಭೇಷ್ ಆತವಾ! ನಮ್ಮ ಕಾಲೇಜಿನಾಗ ಇಲ್ಲೀತನಾ ಯಾರೂ ಇಷ್ಟು ತೋರ್ಸಿಲ್ಲ ನೋಡು." ಅಂದೇ ವಿಭಾಗದ ಮುಖ್ಯಸ್ಥರಿಗೆ ಹೇಳಿದರು, ತಮ್ಮ ಹೆಸರನ್ನೂ ಸೇರಿಸಿ ಒಂದು ಸಮ್ಮೇಳನಕ್ಕೆ ಪ್ರಬಂಧ ಕಳಿಸಿದರು.

ವೈವಾಕ್ಕೆ ಎರಡು ವಾರವಿತ್ತು. ನಮ್ಮ ಮನೆಯ ಮುಂಭಾಗದಲ್ಲಿ ಅವ್ವನ ಹಿಟ್ಟಿನ ಗಿರಣಿ ಇದೆ. ನಾನು ಪಡಸಾಲೆಯಲ್ಲಿ ಥೀಸಿಸ್ ತಿದ್ದುತ್ತಿದ್ದಾಗ ಹೆಂಗಸೊಬ್ಬಳು ಬುಟ್ಟಿ ಹೊತ್ತು ಜಗಳಕ್ಕೇ ಬಂದಳು.

"ಏನ್ ಬೀಸಿಯವಾ ಯಕ್ಕಾ, ರವಾ ಆಗೇತಿ. ರೊಟ್ಟಿ ಬಡಿಯಾಕ ಹೋದ್ರ ಹರೀತಾವ. ಹ್ವಾದ ವಾರ ಇದೇ ಜ್ವಾಳ ಬೆಣ್ಣಿ ಆಗಿತ್ತು."

"ಜ್ವಾಳನೂ ಅದೇ, ಕಲ್ಲೂ ಅದೇ," ಅವ್ವ ಸೋಲುವವಳಲ್ಲ. "ನಿನ್ನೆ ಕರೆಂಟ್ ಕಮ್ಮಿ ಇತ್ತು, ಪಟ್ಟಾ ಎಳೀಲಿಲ್ಲ. ಕರೆಂಟ್ ನೋಡದ ನನಗ್ಯಾಕ ಬೈತಿ? ತಾ ಇಲ್ಲಿ, ಇನ್ನೊಮ್ಮಿ ಹಾಕಿ ಕೊಡ್ತೀನಿ."

ನನ್ನ ಬೆರಳು ಕೀಬೋರ್ಡಿನ ಮೇಲೇ ನಿಂತಿತು. ಆ ಭಾನುವಾರ ಊಟದ ಹೊತ್ತಿಗೆ ಗಿರಣಿಯ ಸದ್ದಿರಲಿಲ್ಲ. ಚಹಾ ಕುಡಿಯುವಾಗ ಅದು ಗಡಗಡ ಎನ್ನುತ್ತಿತ್ತು. ಅಂದರೆ ಒಂದು ಕೋರ್ ಓಡಿದ್ದು ಕರೆಂಟಿಲ್ಲದಾಗ, ಬ್ಯಾಟರಿಯ ಮೇಲೆ. ಬ್ಯಾಟರಿ ಉಳಿಸಲು ನನ್ನ ಲ್ಯಾಪ್‌ಟಾಪ್ ತಾನಾಗಿಯೇ ನಿಧಾನವಾಗುತ್ತದೆ. ಎಂಟು ಓಡಿದ್ದು ಕರೆಂಟು ಬಂದ ಮೇಲೆ. ನಮ್ಮೂರಲ್ಲಿ ಕರೆಂಟು ಹೋಗುವುದು ಬರುವುದು ಯಾರೂ ತಲೆಗೆ ಹಚ್ಚಿಕೊಳ್ಳುವ ಸಂಗತಿಯಲ್ಲ, ನಾನೂ ಹಚ್ಚಿಕೊಂಡಿರಲಿಲ್ಲ.

ಚಾರ್ಜರ್ ಹಾಕಿ ಎರಡನ್ನೂ ಮತ್ತೆ ಓಡಿಸಿದೆ. ಒಂದು ಪಾಯಿಂಟ್ ಒಂಬತ್ತು. ಹತ್ತು ಸಲ ಓಡಿಸಿದರೂ ಅಷ್ಟೇ. ಎರಡಾದರೂ ಆಗಬಾರದೇ, ದರಿದ್ರದ್ದು! ನನ್ನ ಪ್ರೋಗ್ರಾಂ ಮೇಲೆ, ಕರೆಂಟಿನ ಮೇಲೆ, ಎಲ್ಲಕ್ಕಿಂತ ನನ್ನ ಬುದ್ಧಿಯ ಮೇಲೆ ಅಳು ಬರುವಷ್ಟು ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡಿರಲೇ ಎಂದೂ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ. ಮೂರು ದಿನ ಯೋಚಿಸಿದೆ.

ನಾಲ್ಕನೇ ದಿನ ಬಸ್ಸು ಹತ್ತಿ ಗೈಡ್ ಎದುರು ನಿಂತು ಎಲ್ಲ ಒದರಿಬಿಟ್ಟೆ. ಅವರು ಎದ್ದು ಬಾಗಿಲು ಮುಚ್ಚಿ ಬಂದು ಕೂತರು.

"ಚಾರ್ಜರ್ ಹಚ್ಚಿತ್ತೋ ಇಲ್ಲೋ ಅಂತ ಯಾರು ಕೇಳ್ತಾರವಾ?"

"ಯಾರೂ ಕೇಳೂದಿಲ್ರಿ ಸರ್."

"ಮತ್ತ?"

"ನನಗ ಗೊತ್ತಾಗೇತಲ್ರಿ."

ಅವರು ಕಂಪ್ಯೂಟರಿನತ್ತ ತಿರುಗಿ, ಪ್ರಬಂಧ ವಾಪಸ್ ಪಡೆಯುವ ಪತ್ರವನ್ನು ನನ್ನೆದುರಿಗೇ ಟೈಪ್ ಮಾಡಿದರು. ಮುಖ ಮಾತ್ರ ಎತ್ತಲಿಲ್ಲ. "ಮುಖ್ಯಸ್ಥರಿಗೆ ನೀನೇ ಹೇಳು," ಎಂದರು. ಹೇಳಿದೆ, ಅಲ್ಲಿ ಬೈಸಿಕೊಂಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ವೈವಾಕ್ಕೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನಗೆ ಬ್ಯಾಚಿನಲ್ಲೇ ಕಡಿಮೆ ಅಂಕ ಕೊಟ್ಟರು. ಅವರ ಮೇಲಿನ ಸಿಟ್ಟು ಈಗಲೂ ಇಳಿದಿಲ್ಲ. ಕೋಡ್ ಕೇಳಲಿಲ್ಲ, ಕೋರ್‌ಗಳು ಯಾಕೆ ಕಾಯುತ್ತವೆ ಎಂದು ನಾನು ಬರೆದ ಅಧ್ಯಾಯ ತೆರೆಯಲೂ ಇಲ್ಲ. ನೇರವಾಗಿ ಕೊನೆಯ ಗ್ರಾಫ್‌ಗೆ ಹೋಗಿ ಕನ್ನಡಕ ಸರಿಸಿದರು.

"ಎಂಟು ಕೋರ್ ಇದ್ದೂ ಎರಡು ಪಟ್ಟು ಕೂಡ ಇಲ್ಲ. ಇಷ್ಟಕ್ಕೆ ಎರಡು ವರ್ಷ ಬೇಕಾಯಿತೇನಮ್ಮಾ?"

ಪಕ್ಕದಲ್ಲಿ ಕೂತಿದ್ದ ಗೈಡ್ ನನ್ನತ್ತ ನೋಡಿದರು.

"ಹೌದ್ರಿ ಸರ್," ಎಂದೆ. "ಆರು ಪಟ್ಟು ತೋರ್ಸಾಕ ಒಂದು ಮಧ್ಯಾಹ್ನ ಸಾಕಾಗಿತ್ರಿ. ಇದಕ್ಕ ಎರಡು ವರ್ಷ ಬೇಕಾತು."