ಅಕ್ಕೋರು ಬರೆದುಕೊಟ್ಟ ವಿಳಾಸ

ಅಕ್ಕೋರ ಬೆರಳುಗಳು ಕೀಲಿಮಣೆಯನ್ನು ಒತ್ತುತ್ತಿರಲಿಲ್ಲ, ಕುಟ್ಟುತ್ತಿದ್ದವು. ವರ್ಷಗಟ್ಟಲೆ ಟೈಪ್‌ರೈಟರ್ ಕಲಿಸಿದ ಕೈ. ಬಲಗೈಯ ಕಿರುಬೆರಳು ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಮಸ್ಕಿಯ ಅವರ ಟೈಪಿಂಗ್ ಕ್ಲಾಸು ಮುಚ್ಚಿದ ಮೇಲೆ ಅದೇ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದರು. ನಾನು ಅವರ ಹಳೆಯ ಶಿಷ್ಯ. ಅವರ ಬಳಿ ಕಲಿತೆ ಅನ್ನುವುದಕ್ಕಿಂತ ಬೈಸಿಕೊಂಡೆ ಅನ್ನುವುದೇ ಸರಿ.

ಅವರದೊಂದು ಪದ್ಧತಿ. ಯಾರ ಕೆಲಸ ಅರ್ಧಕ್ಕೆ ನಿಂತರೂ, ಪರದೆಯ ಮೇಲ್ತುದಿಯಲ್ಲಿರುವ ಪುಟದ ವಿಳಾಸವನ್ನು ಒಂದು ಚುಕ್ಕೆ, ಒಂದು ಗೀಟು ಬಿಡದೆ ಚೀಟಿಯಲ್ಲಿ ಬರೆದುಕೊಡುವರು. ಎರಡು ಸಲ ಗಟ್ಟಿಯಾಗಿ ಓದುವರು. “ಎಲ್ಲಿ ಬೇಕಾದ್ರೂ ಇದನ್ನ ಹೊಡಿ, ಸೀದಾ ಇದೇ ಪುಟ ಬರ್ತೈತಿ.” ಫೋನಿನಲ್ಲಿ ಲಿಂಕ್ ಕಳಿಸಬಹುದಲ್ಲ ಎಂದು ನಾನು ನಕ್ಕರೆ, “ನಿನ್ನ ಫೋನಿನ ಚಾರ್ಜು ಹೋಗ್ತೈತಿ, ನನ್ನ ಚೀಟೀದು ಹೋಗೂದಿಲ್ಲ. ಸುಮ್ನ ಕುಂದ್ರು” ಅನ್ನುವರು.

ಲಿಂಗಸುಗೂರಿನಲ್ಲಿ ಜಾಲತಾಣ ಮಾಡುವ ಕೆಲಸ ಶುರು ಮಾಡಿದ ಮೇಲೆ ಸಿಂಧನೂರಿನ ಕಾಲೇಜೊಂದಕ್ಕೆ ಹೊಸ ಬಗೆಯದೊಂದನ್ನು ಮಾಡಿಕೊಟ್ಟೆ. ಇಡೀ ತಾಣವೇ ಒಂದು ಪುಟ. ಲಿಂಕ್ ಒತ್ತಿದರೆ ಬೇರೆ ಪುಟ ಬರುವುದಿಲ್ಲ. ಒಳಗಿನದಷ್ಟೇ ಥಟ್ಟನೆ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಮೇಲಿನ ವಿಳಾಸವೂ ಬದಲಾಗುತ್ತದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪರೀಕ್ಷೆಯ ಹಿಂದಿನ ದಿನ ಆ ಕಾಲೇಜಿನಲ್ಲಿ ಓದುವ ಬಳಗಾನೂರಿನ ಹುಡುಗಿಯೊಬ್ಬಳು ಹಾಲ್ ಟಿಕೆಟ್‌ಗೆಂದು ಅಕ್ಕೋರ ಹತ್ತಿರ ಬಂದಳು. ಅದಕ್ಕೆ ಪ್ರಿನ್ಸಿಪಾಲರ ಸಹಿ ಇನ್ನೂ ಏರಿರಲಿಲ್ಲ. ಅಕ್ಕೋರು ಆ ಪುಟದ ವಿಳಾಸ ಬರೆದುಕೊಟ್ಟರು. ಮರುದಿನ ಬೆಳಿಗ್ಗೆ ಸಿಂಧನೂರಿನ ಇಂಟರ್ನೆಟ್ ಅಂಗಡಿಯೊಂದರಲ್ಲಿ ಅವಳು ಅದನ್ನು ಟೈಪ್ ಹೊಡೆದರೆ, ‘ಇಂಥ ಪುಟ ಇಲ್ಲ’ ಎಂದು ಬಂತು. ಅಂಗಡಿಯವರು, “ತಪ್ಪು ಹೊಡದೀಯಲ್ಲಬೇ” ಎಂದರಂತೆ. ಪರೀಕ್ಷೆಗೆ ಅರ್ಧ ಗಂಟೆ ಇತ್ತು. ಅವಳು ಅಳುತ್ತ ಅಕ್ಕೋರಿಗೆ ಫೋನ್ ಮಾಡಿದಳು, ಅಕ್ಕೋರು ನನಗೆ.

“ನನ್ನ ಹತ್ರ ಬರಾಕತ್ತೈತ್ರಿ ಅಕ್ಕೋರೆ. ಆಕೀಗೆ ಹೊಡಿಯಾಕ ಬಂದಿಲ್ಲ,” ಎಂದೆ ಜಂಬದಿಂದ.

“ನೀ ಮೊದಲ ಪುಟದಿಂದ ಹೊಂಟೀದಿ, ಹೌದಿಲ್ಲೋ? ಹಂಗ ಬ್ಯಾಡ. ನಾ ಹೇಳ್ತೀನಿ, ಹೊಡಿ.”

ಒಂದೊಂದೇ ಅಕ್ಷರ ಹೇಳಿದರು. ಹೊಡೆದೆ. ಇಂಥ ಪುಟ ಇಲ್ಲ.

ನಾಚಿಕೆಯಿಂದ ಮುಖ ಬೆಚ್ಚಗಾಯಿತು. ವಿಳಾಸ ಬದಲಾದಂತೆ ತೋರಿಸಿದ್ದೆನೇ ಹೊರತು, ಅದನ್ನೇ ನೇರವಾಗಿ ಕೇಳಿಕೊಂಡು ಬಂದವರಿಗೆ ಏನು ಕೊಡಬೇಕೆಂದು ಪುಟ ಕಳಿಸುವ ಸರ್ವರ್‌ಗೆ ಹೇಳಿಯೇ ಇರಲಿಲ್ಲ. ಸದಾ ಮೊದಲ ಪುಟದಿಂದ ಒತ್ತುತ್ತ ಹೋಗುವ ನನಗೆ ಅದು ಹೇಗೆ ಗೊತ್ತಾಗಬೇಕು? ಅಷ್ಟರಲ್ಲಿ ಅಕ್ಕೋರು ಹುಡುಗಿಗೆ ಫೋನಿನಲ್ಲೇ ಮೊದಲ ಪುಟದಿಂದ ದಾರಿ ಹೇಳಿ ಹಾಲ್ ಟಿಕೆಟ್ ತೆಗೆಸಿದರು. ಗೇಟು ಮುಚ್ಚುವ ಮುಂಚೆ ಅವಳು ಓಡಿ ಒಳಗೆ ಸೇರಿದಳು.

ಮಧ್ಯಾಹ್ನದೊಳಗೆ ಸರಿಪಡಿಸಿದೆ. ಯಾವ ವಿಳಾಸ ಕೇಳಿದರೂ ಸರ್ವರ್ ಆ ಒಂದೇ ಪುಟ ಕೊಡಬೇಕು. ವಿಳಾಸ ಓದಿ ಬೇಕಾದ್ದನ್ನು ತೆರೆಯುವುದು ಪುಟದ ಕೆಲಸ. ಸಂಜೆ ಮಸ್ಕಿಗೆ ಹೋದೆ. ಅಕ್ಕೋರು ನನ್ನೆದುರೇ ಹೊಡೆದು ನೋಡಿದರು, ರಿಫ್ರೆಶ್ ಮಾಡಿದರು, ಹಿಂದಕ್ಕೆ ಹೋಗಿ ಬಂದರು. ಇನ್ನು ಶಭಾಶ್ ಸಿಗುತ್ತದೆಂದು ಕಾದೆ.

“ಆ ಹುಡುಗಿಗೆ ಫೋನ್ ಹಚ್ಚು. ನೀ ಬರೋಬ್ಬರಿ ಹೊಡದಿದ್ದಿ, ತಪ್ಪು ನಂದು ಅಂತ ಹೇಳು.”

ಹಚ್ಚಿದೆ, ಹೇಳಿದೆ. “ಹೌದೇನ್ರಿ ಅಣ್ಣಾ? ನಂದೇ ತಪ್ಪಂತ, ಪರೀಕ್ಷಾದಾಗೂ ಅದನ್ನೇ ನೆನಸ್ಕೊಂತ ಕುಂತಿದ್ದೆ,” ಎಂದಳು ಅವಳು.

ಅಕ್ಕೋರು ಹೋದ ವರ್ಷ ತೀರಿಕೊಂಡರು. ಅವರು ಕಲಿಸಿದ ಟೈಪಿಂಗ್‌ನಿಂದ ಇವತ್ತು ಅನ್ನ ತಿನ್ನುತ್ತಿದ್ದೇನೆ, ಅದೂ ಋಣವೇ. ಆದರೆ ಆ ದಿನದಿಂದ, ‘ಬರಾಕತ್ತಿಲ್ಲ’ ಎಂದು ಫೋನ್ ಮಾಡಿದ ಯಾರಿಗೂ ನಾನು ‘ನಿಮಗ ಹೊಡಿಯಾಕ ಬಂದಿಲ್ಲ’ ಅಂದಿಲ್ಲ. “ಒಂದೊಂದೇ ಅಕ್ಷರ ಹೇಳ್ರಿ, ನಾನೂ ಹೊಡಿತೀನಿ” ಅನ್ನುತ್ತೇನೆ.