ಫೋಟೋ ಇಲ್ಲದ ಕಲ್ಲು

ಕೆರಗೋಡಿನ ಆಚೆ ನಾಲೆಯ ಪಕ್ಕ ಒಂದು ವೀರಗಲ್ಲು ಇತ್ತು ಎಂದು ನಾನು ಹೇಳುತ್ತೇನೆ. ನಿಜವಾಗಿ ಇತ್ತೇ ಎಂದು ನೀವು ಗಟ್ಟಿಸಿ ಕೇಳಿದರೆ ನನ್ನ ದನಿ ಮೆತ್ತಗಾಗುತ್ತದೆ. ಆಗ ನನಗೆ ಏಳು ವರ್ಷ, ಅಕ್ಕನಿಗೆ ಹನ್ನೆರಡು. ಒಂದು ಮಧ್ಯಾಹ್ನ ಗದ್ದೆಗೆ ಬುತ್ತಿ ಒಯ್ಯುವಾಗ ಅಕ್ಕ ಮಂಕರಿಯನ್ನು ಆ ಕಲ್ಲಿನ ಪಕ್ಕ ಇಳಿಸಿದಳು. ಕತ್ತಿ ಹಿಡಿದ ವೀರನ ಕಾಲ ಬಳಿ ಒಂದು ನಾಯಿ ಇತ್ತು. ಅಕ್ಕ ಮುದ್ದೆಯ ಚೂರು ಮುರಿದು ಅದರ ಬಾಯಿಗಿಟ್ಟು, "ಪಾಪ, ಯಾವಾಗಿಂದ ಅಸ್ಕಂಡದೋ" ಎಂದಳು. ಹೀಗೇ ನಡೆಯಿತು ಎಂದುಕೊಂಡಿದ್ದೇನೆ.

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವರಿಗೆ ಸಾಕ್ಷಿ ಕೇಳುವ ಚಟ ಹತ್ತುತ್ತದೆ. ಊರವರನ್ನು ಕೇಳಿ ಮುಗಿದ ಮೇಲೆ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ನಾಯಿಯ ನೆನಪಿನ ಕಲ್ಲು ಸಿಕ್ಕಿದ್ದನ್ನು ನಾನು ಎಂ.ಎ.ಯಲ್ಲಿ ಓದಿ ಅಂಕ ಗಿಟ್ಟಿಸಿದವನು. ಆ ನಾಯಿಯೇ ಪುಸ್ತಕದಿಂದ ಎದ್ದು ಬಂದು ನನ್ನ ಬಾಲ್ಯದ ಕಲ್ಲಿನಲ್ಲಿ ಮಲಗಿದೆಯೋ ಏನೋ. ಕೇಳೋಣವೆಂದರೆ ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಅವಳ ನಂಬರು ಮಾತ್ರ ಇನ್ನೂ ಮೊಬೈಲಿನಲ್ಲಿದೆ. ಆ ಮಧ್ಯಾಹ್ನವನ್ನು ಕಂಡವರು ಇಬ್ಬರೇ, ಈಗ ಒಬ್ಬ. ಆ ಒಬ್ಬನ ಮೇಲೂ ನನಗೆ ಅಷ್ಟು ನಂಬಿಕೆಯಿಲ್ಲ.

ಮಂಡ್ಯದ ಗುತ್ತಲಿನ ನನ್ನ ಮನೆಯಲ್ಲಿ ಮಾತಿಗೆ ಬೇರೆ ಯಾರೂ ಇಲ್ಲ. ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿಯ ಏಳೆಂಟು ಜನರ ಒಂದು ಗುಂಪಿಗೆ ಸೇರಿಕೊಂಡೆ. ಊರೂರಿನ ಶಾಸನ, ಮಾಸ್ತಿಕಲ್ಲು, ಹಳೆಯ ಕೊಳ ಇವನ್ನೆಲ್ಲ ಆನ್‌ಲೈನ್ ನಕ್ಷೆಯಲ್ಲಿ ಗುರುತಿಸುವುದು ನಮ್ಮ ಕೆಲಸ. ಯಾರು ಬೇಕಾದರೂ ಮೊಬೈಲಿನಲ್ಲಿ ದಾರಿ ಹಿಡಿದು ಹೋಗಿ ನೋಡಬಹುದು. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಅನುಮಾನದವನು ನಾನೇ. ಮದ್ದೂರಿನವರೊಬ್ಬರು ತಮ್ಮೂರ ಗುಡಿಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ ಎಂದು ಗುರುತು ಹಾಕಿದಾಗ ಅಳಿಸಿ ಹಾಕಿದೆ. ನಮ್ಮ ಕಡೆಯ ಸುರಂಗಗಳನ್ನೆಲ್ಲ ನಂಬಿದರೆ ಕಬ್ಬಿನ ಗದ್ದೆಗಳಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಅವರು ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಒಂದು ದಿನ, ನಾನೇ ಮಾಡಿದ ನಿಯಮ ಮುರಿದು, ನೆನಪಿನ ಮೇಲೆಯೇ ನಾಲೆಯ ಪಕ್ಕ ಅಕ್ಕನ ಕಲ್ಲನ್ನು ಗುರುತಿಸಿದೆ. ನಕ್ಷೆಯ ಉಸ್ತುವಾರಿ ನೋಡುವ ಮಳವಳ್ಳಿಯ ನಿವೃತ್ತ ಮೇಷ್ಟರು ಕೂಡಲೇ ಬರೆದರು: ಫೋಟೋ ಎಲ್ಲಿ? ಒಂದು ತಿಂಗಳೊಳಗೆ ಹಾಕದಿದ್ದರೆ ಅಳಿಸಲಾಗುವುದು. ಆ ವಾಕ್ಯವೂ ನಾನೇ ಬರೆದುಕೊಟ್ಟದ್ದು. ಹೋಗುವುದು ಒಂದು ಗುರುತು ಎಂದು ಬೇರೆಯವರಿಗೆ ಅನ್ನಿಸಬಹುದು. ನನಗೆ ಆ ಮಧ್ಯಾಹ್ನವೇ ಹೋಗುತ್ತಿತ್ತು.

ಬಸ್ಸು ಹಿಡಿದು ಕೆರಗೋಡಿನಲ್ಲಿ ಇಳಿದು ನಡೆದೆ. ಸ್ಥಳ ಬಂದಿದೆ ಎಂದು ಮೊಬೈಲು ಸಾರಿತು. ಅಲ್ಲಿ ಕಂಡದ್ದು ತುಂಬಿದ ನಾಲೆ, ಬಟ್ಟೆ ಒಗೆಯುವ ಒಂದು ಚಪ್ಪಡಿ, ಅದರ ಮುಂದೆ ಪುಟ್ಟತಾಯಮ್ಮ ಎಂಬ ಎಪ್ಪತ್ತರ ಹೆಂಗಸು. ವೀರಗಲ್ಲು ಎಲ್ಲಿ ಎಂದು ಕೇಳಿದೆ. ಯಾವ ವೀರನೂ ಇಲ್ಲ, ಬುಡು ಎಂದರು. ನನ್ನ ಮುಖ ನೋಡಿ ಏನನಿಸಿತೋ, ಸೋಪನ್ನು ಪಕ್ಕಕ್ಕಿಟ್ಟು, ಕತ್ತಿ ಹಿಡಿದವನೇ ಎಂದು ಕೇಳಿದರು. ಹೌದೆಂದೆ.

"ಇದೇ ಕಣಪ್ಪ. ಬಿದ್ದೋಗಿತ್ತಂತೆ. ನಮ್ಮತ್ತೆ ನಾಕಾಳು ಸೇರ್ಸಿ ಮಗುಚಾಕ್ಸಿದ್ರಂತೆ. ದೇವ್ರಂಗಿರೋನ ಮಕದ್ ಮ್ಯಾಲೆ ಬಟ್ಟೆ ಬಡಿಯಾಕಾಯ್ತದಾ? ಬೆನ್ನಾದ್ರೆ ಏನೂ ಅಂದ್ಕಳಲ್ಲ."

ಯುಗಾದಿಗೆ ಅವರು ಆ ಬೆನ್ನಿಗೇ ಅರಿಸಿನ ಕುಂಕುಮ ಇಡುತ್ತಾರಂತೆ. ಕಾಲ ಬಳಿ ನಾಯಿ ಇದೆಯೇ ಎಂದು ಕೇಳಿದೆ. ತಾವು ಮದುವೆಯಾಗಿ ಬರುವಷ್ಟರಲ್ಲಿ ಮುಖ ಕೆಳಗಾಗಿತ್ತು, ಕಂಡಿಲ್ಲ ಎಂದರು. ಆಳು ಕರೆಸಿ ಮಗುಚಿಸಲೇ ಎಂದದ್ದಕ್ಕೆ, "ಆಮ್ಯಾಕೆ ನಾನೆಲ್ಲಿ ಒಗೀಲಿ, ನಿನ್ ಮೊಬೈಲ್ ಮ್ಯಾಲಾ?" ಎಂದರು. ಕಲ್ಲಿನ ಬೆನ್ನಿನ ಫೋಟೋ ತೆಗೆದು ಕಳಿಸಿದೆ. ಇದು ಬಟ್ಟೆ ಒಗೆಯುವ ಕಲ್ಲು ಎಂದು ಮೇಷ್ಟರು ಉತ್ತರಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ನಾಲೆಗೆ ನೀರು ನಿಲ್ಲಿಸಿದ್ದಾರೆಂದು ಕೇಳಿ ಮತ್ತೆ ಹೋದೆ. ಕಲ್ಲಿನ ಒಂದು ಅಂಚಿನ ಕೆಳಗೆ ನೀರು ಮಣ್ಣು ಕೊರೆದಿತ್ತು. ಅರವತ್ತು ದಾಟಿದ ನಾನು, ಕೆಳಗಿದ್ದ ವೀರನ ಹಾಗೆಯೇ, ಕೆಸರಿನಲ್ಲಿ ಬೋರಲು ಮಲಗಿ ಮೊಣಕೈಯವರೆಗೆ ಕೈ ತೂರಿಸಿದೆ. "ಆವು ಗೀವು ಇದ್ದಾತು, ನೋಡ್ಕಳಪ್ಪ" ಎಂದು ಪುಟ್ಟತಾಯಮ್ಮ ಮೇಲಿಂದ ಹೇಳುತ್ತಿದ್ದರು. ಮೊಬೈಲನ್ನೂ ತೂರಿಸಿ ನೋಡಿದೆ. ಕತ್ತಲೆಯೂ ನನ್ನ ಹೆಬ್ಬೆರಳೂ ಫೋಟೋದಲ್ಲಿ ಬಂದವು.

ಅದನ್ನೇ ಕಳಿಸಿದೆ. ಕೈಗೆ ಸಿಕ್ಕಿದ್ದನ್ನೂ ಬರೆದೆ. ಎರಡು ದಿನದ ಮೇಲೆ ಮೇಷ್ಟರು ಗುರುತನ್ನು ಅಳಿಸದೆ 'ಇತರೆ' ಎಂಬ ಪಟ್ಟಿಗೆ ಹಾಕಿದರು. ಅಲ್ಲಿ ಅದಕ್ಕೆ ಜೊತೆಯಾಗಿ ಬೇರೇನೂ ಇಲ್ಲ. ನಾನು ಮದ್ದೂರಿನವರಿಗೆ ಫೋನು ಮಾಡಿ, ಸುರಂಗ ಎಲ್ಲಿಂದ ಶುರುವಾಗುತ್ತದೆ, ಒಮ್ಮೆ ತೋರಿಸಿ ಎಂದೆ.

ಅಕ್ಕ ಮುದ್ದೆ ಇಟ್ಟಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕಲ್ಲಿನಲ್ಲಿ ನಾಯಿ ಇದೆ, ಅದರ ಬಾಯಿ ತೆರೆದಿದೆ. ಬೆರಳಿಟ್ಟು ನೋಡಿದ್ದೇನೆ.