ಬೆಂಕಿಗೆ ಜಗ್ಗದ ಕಲ್ಲು

ಫಿನ್ಲೆಂಡಿನ ಮುಸ್ತಾಲಹ್ತಿಯಲ್ಲಿ ಸೌನಾದ ಒಲೆಗೆ ಕಲ್ಲು ತುಂಬುವ ಮೊದಲು ಸೈಮಿಯನ್ನು ಕೇಳದವರು ಇರಲಿಲ್ಲ. ಶನಿವಾರ ಸಂಜೆ ಆ ಕಲ್ಲು ಕಾಯಬೇಕು, ಕಾದ ಕಲ್ಲಿಗೆ ನೀರು ಸುರಿದು, ಏಳುವ ಹಬೆಯಲ್ಲಿ ಕೂತು ಬೆವರಬೇಕು. ಆಗಲೇ ಈ ಊರಿನವರಿಗೆ ವಾರ ಮುಗಿದ ಹಾಗೆ. ಕಲ್ಲು ಸರಿಯಿಲ್ಲದಿದ್ದರೆ ಸಿಡಿದು ಕಣ್ಣಿಗೆ ಬೀಳುತ್ತದೆ, ಇಲ್ಲವೇ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ.

ಸೈಮಿ ಪಸಾನೆನ್ ಓದಿದ್ದು ಆರನೇ ತರಗತಿ. ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿದಳು, ದಾರಿಯುದ್ದಕ್ಕೂ ಲಾರಿ ನಿಲ್ಲಿಸಿ ಕಲ್ಲು ಹೆಕ್ಕಿದಳು. ಪುಸ್ತಕದವರು ಖನಿಜಗಳನ್ನು ಹೇಗೆ ಬೇಕಾದರೂ ವಿಂಗಡಿಸಿಕೊಳ್ಳಲಿ, ಅವಳ ಲೆಕ್ಕದಲ್ಲಿ ಗೀರಿ ನೋಡಿದರೆ ಇದ್ದದ್ದು ನಾಲ್ಕೇ ಜಾತಿ: ಉಗುರಿಗೆ ಸೋಲುವವು, ತಾಮ್ರದ ನಾಣ್ಯಕ್ಕೆ ಸೋಲುವವು, ಚಾಕುವಿಗೆ ಸೋಲುವವು, ಯಾವುದಕ್ಕೂ ಸೋಲದವು. ಹಳದಿಯಾಗಿ ಹೊಳೆಯುವ ಕಲ್ಲು ಹಿಡಿದು ಯಾರಾದರೂ ಓಡಿಬಂದರೆ, ಕಾಫಿ ಬಟ್ಟಲನ್ನು ಬೋರಲು ಹಾಕಿ, ಹೊಳಪಿಲ್ಲದ ಅದರ ಅಡಿಗೆ ಉಜ್ಜುತ್ತಿದ್ದಳು. ಗೆರೆ ಕಪ್ಪಾಗಿ ಬರುತ್ತಿತ್ತು.

"ಬಂಗಾರ ಅಲ್ಲಪ್ಪ, ಗಂಧಕ ಸೇರಿದ ಕಬ್ಬಿಣ. ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ ತಾನೇ? ಒಳ್ಳೇದಾಯ್ತು, ಕಾಫಿ ಕುಡಿದು ಹೋಗು."

ಮಕ್ಕಳ ಮೈಗೆ ಹಚ್ಚುವ ಪೌಡರ್ ಉಗುರಿಗೆ ಸೋತ ಕಲ್ಲಿನದು, ಪೆನ್ಸಿಲ್ಲಿನ ಕಡ್ಡಿ ಇನ್ನೊಂದು ಮೆತ್ತನೆಯ ಕಲ್ಲಿನದು, ಕಿಟಕಿಯ ಗಾಜು ಚಾಕುವಿಗೂ ಜಗ್ಗದ ಬಿಳಿಕಲ್ಲಿನದು ಎಂದು ಅವಳು ಹೇಳುತ್ತ ಹೋದರೆ ಕೇಳುವವರು ತಮ್ಮ ಮನೆಯ ಸಾಮಾನನ್ನೇ ಹೊಸದಾಗಿ ನೋಡುತ್ತಿದ್ದರು.

ಆ ದೇಶದಲ್ಲಿ ಯಾರು ಬೇಕಾದರೂ ಸರ್ಕಾರದ ಭೂವಿಜ್ಞಾನಿಗಳಿಗೆ ಅಂಚೆಯಲ್ಲಿ ಕಲ್ಲು ಕಳಿಸಬಹುದು. ಅಂಚೆ ಖರ್ಚಿಲ್ಲ, ಉತ್ತರ ಬಂದೇ ಬರುತ್ತದೆ. ಸೈಮಿ ಇನ್ನೂರ ಹನ್ನೊಂದು ಚೂರು ಕಳಿಸಿದ್ದಳು. ಇನ್ನೂರ ಹನ್ನೊಂದು ಸಲವೂ "ವಂದನೆಗಳು, ವಿಶೇಷವಿಲ್ಲ" ಎಂದೇ ಉತ್ತರ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೆ ವಿಶೇಷ ಕಾಣದಿದ್ದರೆ ಅದು ಅವರ ಕಣ್ಣಿನ ತೊಂದರೆ ಎಂದುಕೊಂಡಳು.

ಇನ್ನೂರ ಹನ್ನೆರಡನೆಯದು ಹುಕ್ಕಾ ಗುಡ್ಡದ ಕಲ್ಲು. ಹನ್ನೊಂದು ವರ್ಷದಿಂದ ಊರಿಗೆಲ್ಲ ಅವಳು ಕೊಟ್ಟದ್ದು ಅದನ್ನೇ. ಕೆಂಪಗೆ ಕಾಯಿಸಿ ತಣ್ಣೀರಿಗೆ ಎಸೆದರೂ ಕೂದಲೆಳೆಯಷ್ಟು ಬಿರುಕಿಲ್ಲ. ಸರೋವರದ ದಡದಲ್ಲಿ ಊರವರೆಲ್ಲ ಸೇರಿ ಕಟ್ಟಿದ ಹೊಸ ಸೌನಾಕ್ಕೂ ಅದೇ ಕಲ್ಲು ತುಂಬಿದ್ದಳು. ಸುತ್ತಿಗೆಯಿಂದ ಒಡೆದು ನೋಡಿದ ಒಂದರಲ್ಲಿ ಏನೋ ಮಿನುಗಿದ್ದರಿಂದ ನಿಕ್ಕಲ್ ಇರಬಹುದೆಂಬ ಆಸೆಗೆ ಅಂಚೆಗೆ ಹಾಕಿದ್ದಳು. ಸೌನಾ ಮೊದಲ ಸಲ ಉರಿಯುವುದಕ್ಕೆ ನಾಲ್ಕು ದಿನ ಇರುವಾಗ ಉತ್ತರ ಬಂತು. ನಿಕ್ಕಲ್ ಇಲ್ಲ. ಆದರೆ ಕಲ್ಲಿನೊಳಗಿನ ಬಿಳಿ ಪಟ್ಟೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಎಳೆ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಿಂದ ಹೊರಗೆ ಬರುವುದಿಲ್ಲ. ದಯವಿಟ್ಟು ಸೌನಾದ ಒಲೆಗೆ ಬಳಸಬೇಡಿ. ತೆಗೆಯುವಾಗ ನೀರು ಹಾಕಿ ನೆನೆಸಿ.

ಸೈಮಿ ಎರಡು ಸಲ ಓದಿದಳು. ಕಲ್ನಾರು ಬೆಂಕಿಗೆ ಜಗ್ಗುತ್ತದೆಯೇ? ಯಾವ ಗುಣವನ್ನು ಮೆಚ್ಚಿ ಆ ಕಲ್ಲನ್ನು ಆರಿಸಿದ್ದಳೋ ಅದೇ ಗುಣ ಅವಳಿಗೆ ಮೋಸ ಮಾಡಿತ್ತು. ನಾಚಿಕೆಯಾಯಿತು. ಆದರೆ ಕೂತು ಕೊರಗುವ ಹೆಂಗಸಲ್ಲ ಅವಳು. ಸೈಕಲ್ ಹತ್ತಿ ನೇರವಾಗಿ ಊರ ಸಂಘದ ಮನೆಗೆ ಹೋದಳು. ಅಲ್ಲಿ ಹತ್ತಿಪ್ಪತ್ತು ಜನ ಶನಿವಾರಕ್ಕೆಂದು ರೈ ಧಾನ್ಯದ ಹಿಟ್ಟು ಲಟ್ಟಿಸುತ್ತಿದ್ದರು.

"ಕೈಯಲ್ಲಿರೋದನ್ನ ಕೆಳಗಿಡಿ. ನಾನು ಕೊಟ್ಟ ಕಲ್ಲು ವಿಷ. ನಂದೇ ತಪ್ಪು. ಒಂದೂ ಬಿಡದೆ ವಾಪಸ್ ತಗೋತೀನಿ, ಅಲ್ಲೀತನಕ ಯಾರೂ ಒಲೆ ಹಚ್ಚಬೇಡಿ."

ಸಂಘದ ಅಧ್ಯಕ್ಷೆ ಕೈಸು ಇನ್ನೂ ಚಿಕ್ಕವಳು, ಅವಳ ಮುಖ ಇಳಿದುಹೋಯಿತು. "ಸೈಮಿ ಚಿಕ್ಕಮ್ಮ, ಶನಿವಾರಕ್ಕೆ ಮೂರು ಊರಿನವರನ್ನ ಕರೆದಿದ್ದೀವಿ."

"ಕಾಫಿಗೆ ಬರ್ಲಿ. ಕಾಫಿಗೇನೂ ಕಲ್ಲು ಬೇಡ."

ಗೋಡೆಗೊರಗಿ ಕೂತಿದ್ದ ಉರ್ಹೊ ನಕ್ಕ. ಮೊದಲು ಮರದ ದಿಮ್ಮಿ ಸಾಗಿಸುತ್ತಿದ್ದವನು, ಸೈಮಿಯ ಓರಗೆಯವನು, ಅವಳನ್ನು ಕೆಣಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. "ನನ್ನ ಒಲೆ ಕಲ್ಲು ಸರೋವರದ ದಡದಲ್ಲಿ ನಾನೇ ಆರಿಸಿದ್ದು. ಕಲ್ಲಿನ ಪಂಡಿತರ ಹಂಗು ನಂಗಿಲ್ಲ."

"ನಿನ್ನ ಪುಣ್ಯ" ಎಂದಷ್ಟೇ ಹೇಳಿ ಅವಳು ತಳ್ಳುಗಾಡಿ ಹಿಡಿದಳು.

ಮೂರು ದಿನದಲ್ಲಿ ಒಂಬತ್ತು ಮನೆ ಮುಗಿಯಿತು. ನೀರು ಚಿಮುಕಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಬಾಗಿಲಲ್ಲಿ ನಿಂತು ತಪ್ಪಾಯಿತೆಂದು ಹೇಳಿ ತಂದಳು. ತನ್ನ ಒಲೆಯನ್ನೂ ಊರ ಒಲೆಯನ್ನೂ ಬರಿದು ಮಾಡಿದಳು. ಆದರೂ ಗುಡ್ಡದಿಂದ ತಂದ ಲೆಕ್ಕಕ್ಕೆ ಕಲ್ಲು ಕಡಿಮೆ ಬಿತ್ತು. ಹನ್ನೊಂದು ವರ್ಷದ ಹಿಂದೆ, ಮೊದಲ ಚಳಿಗಾಲದಲ್ಲೇ, ಅವಳ ಅಂಗಳದ ರಾಶಿಯಿಂದ ಎರಡು ಗಾಡಿಯಷ್ಟು ಮಾಯವಾಗಿತ್ತು. ರಸ್ತೆ ರಿಪೇರಿಯವರು ಗುಂಡಿಗೆ ಹಾಕಿರಬೇಕೆಂದು ಆಗ ಸುಮ್ಮನಾಗಿದ್ದಳು. ಈಗ ಸುಮ್ಮನಿರುವ ಹಾಗಿರಲಿಲ್ಲ.

"ಆ ಎರಡು ಗಾಡಿ ಯಾರದೋ ಒಲೇಲಿ ಕೂತಿದೆ. ಸಿಗೋತನಕ ಊರ ಒಲೆಗೆ ಹೊಸ ಕಲ್ಲು ನಾನು ಆರಿಸಲ್ಲ" ಎಂದಳು ಕೈಸುವಿಗೆ.

"ಬೇರೆ ಯಾರಾದ್ರೂ ಆರಿಸ್ತಾರೆ ಬಿಡು."

"ಆರಿಸ್ಲಿ. ಅದರ ಆವಿ ಕುಡಿಯೋರು ಯಾರು ಅಂತ ಮೊದ್ಲು ಕೇಳಿ ಬಾ."

ಕೈಸು ಕೇಳಿ ಬಂದಳು. ಯಾರೂ ಒಪ್ಪಿರಲಿಲ್ಲ. ಸೈಮಿ ಕೈಯಾಡಿಸದ ಕಲ್ಲಿನ ಹಬೆಗೆ ಮೈಯೊಡ್ಡಲು ಈಗಲೂ ಒಬ್ಬರೂ ತಯಾರಿರಲಿಲ್ಲ. ಶನಿವಾರ ಬರೀ ಕಾಫಿಯಲ್ಲಿ ಮುಗಿಯಿತು. ಮುಂದಿನ ಶನಿವಾರವೂ ಒಲೆ ಉರಿಯಲಿಲ್ಲ.

ಸೋಮವಾರ ಬೆಳಗ್ಗೆ ಉರ್ಹೊ ತಳ್ಳುಗಾಡಿ ನೂಕಿಕೊಂಡು ಅವಳ ಅಂಗಳಕ್ಕೆ ಬಂದ. ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಸೈಮಿ ಒಂದು ತುದಿ ಎತ್ತಿ ನೋಡಿದಳು. ಕರಿಕಲ್ಲು, ನಡುವೆ ಬಿಳಿ ಪಟ್ಟೆ.

"ಇದು ದಡದ್ದಲ್ಲ, ಉರ್ಹೊ."

"ಗೊತ್ತು. ಇನ್ನೊಂದು ಗಾಡಿ ಮನೇಲಿದೆ, ತರ್ತೀನಿ."

"ಕದ್ದೆಯಾ?"

"ಕದ್ದೆ."

"ಕೇಳಿದ್ರೆ ಸುಮ್ನೆ ಕೊಡ್ತಿದ್ನಲ್ಲೋ."

ಉರ್ಹೊ ಗಾಡಿಯ ಹಿಡಿಕೆ ಬಿಡದೆ ನೆಲ ನೋಡುತ್ತ ನಿಂತ. "ಕೇಳಿದ್ರೆ ಕಲ್ಲಿನ ವಿಷ್ಯ ನಿಂಗೇ ಗೊತ್ತು ಅಂತ ಒಪ್ಪಿಕೊಂಡ ಹಾಗಾಗ್ತಿತ್ತು. ದಡದಲ್ಲಿ ನಾನು ಆರಿಸಿದ್ದೆಲ್ಲ ಸಿಡೀತು. ನನ್ನ ಕಣ್ಣಿಗಿಂತ ನಿನ್ನ ಕಣ್ಣು ನಂಬಿದ್ದೆ ಕಣೆ, ಹನ್ನೊಂದು ವರ್ಷ."

"ನಂಬಿದ್ದಕ್ಕೆ ಏನು ಸಿಕ್ತು ನೋಡಿದ್ಯಲ್ಲ."

"ನೋಡ್ದೆ. ಬರೋ ವಾರ ಹೊಸ ಕಲ್ಲು ಆರಿಸ್ತೀಯಲ್ಲ, ನಂಗೂ ಎರಡು ಗಾಡಿ ಆರಿಸು. ಈ ಸಲ ಬಾಯಿಬಿಟ್ಟು ಕೇಳ್ತಾ ಇದ್ದೀನಿ."